ಬೆರಳ ತುದಿಯ ಬಿಳುಪು

ಅವನು ಕ್ಷೌರಿಕ. ಮೂವತ್ತು ವರ್ಷಗಳಿಂದ ಅದೇ ಅಂಗಡಿ, ಅದೇ ಎರಡು ಕುರ್ಚಿ, ಗೋಡೆಯುದ್ದಕ್ಕೂ ಅದೇ ಕನ್ನಡಿ. ಬೀದಿಯವರು ಅವನನ್ನು ಕರೆಯುತ್ತಿದ್ದುದು ‘ಹೂಗೈ’ ಎಂದು. ಬ್ಲೇಡು ಕೆನ್ನೆಯ ಮೇಲೆ ಓಡಾಡಿದ್ದೇ ತಿಳಿಯುತ್ತಿರಲಿಲ್ಲ. ಗಿರಾಕಿಗಳು ಕೂತಲ್ಲೇ ಗೊರಕೆ ಹೊಡೆಯುತ್ತಿದ್ದರು.

ಅಂಥವನ ಹೆಬ್ಬೆರಳಿನ ತುದಿಯಲ್ಲಿ ಒಂದು ದಿನ ಬಟಾಣಿಯಷ್ಟು ಬಿಳಿ ಮಚ್ಚೆ ಕಂಡಿತು. ಸೋಪಿನ ನೊರೆ ಇರಬೇಕೆಂದು ಪಂಚೆಗೆ ಒರೆಸಿದ. ಹೋಗಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಹತ್ತೂ ಬೆರಳ ತುದಿ, ಎರಡೂ ಮಣಿಕಟ್ಟು, ಕೆಳತುಟಿಯ ಅಂಚು ಬೆಳ್ಳಗಾದವು.

ನೋವಿರಲಿಲ್ಲ, ತುರಿಕೆಯಿರಲಿಲ್ಲ. ತೊಂದರೆಯಿದ್ದುದು ಗಿರಾಕಿಗಳ ಕಣ್ಣಲ್ಲಿ. ಕೈ ಮುಖದ ಹತ್ತಿರ ಬರುತ್ತಿದ್ದಂತೆ ಅವರ ಕತ್ತು ಒಂದಿಷ್ಟು ಹಿಂದೆ ಸರಿಯುತ್ತಿತ್ತು. ಕೆಲವರು ಬಾಗಿಲವರೆಗೆ ಬಂದು, ಫೋನು ಕಿವಿಗಿಟ್ಟುಕೊಂಡು, ಏನೋ ನೆನಪಾದವರಂತೆ ವಾಪಸು ಹೋಗುತ್ತಿದ್ದರು. ರಬ್ಬರ್ ಗ್ಲೌಸ್ ಹಾಕಿ ನೋಡಿದ. ಬೆರಳಿಗೆ ಚರ್ಮದ ಸುಳುಹು ಸಿಗದೆ ಮೊದಲ ದಿನವೇ ಒಬ್ಬರ ಗಲ್ಲ ಕೊಯ್ದುಬಿಟ್ಟ. ಚರ್ಮದ ಆಸ್ಪತ್ರೆಯವರು ಕೊಟ್ಟ ಮುಲಾಮನ್ನು ಮೂರು ತಿಂಗಳು ಹಚ್ಚಿ, ಬೇಸತ್ತು ಮೂಲೆಗೆ ಎಸೆದಿದ್ದ.

“ಎರಡು ಬೀದಿ ಆಚೆ ಒಬ್ರು ಹೋಮಿಯೋಪತಿ ಡಾಕ್ಟರಮ್ಮ ಇದ್ದಾರಂತೆ ರೀ,” ಎಂದಳು ಹೆಂಡತಿ. “ಸಿಹಿ ಗುಳಿಗೆ ಕೊಡ್ತಾರಂತೆ. ಈಚೆಗೆ ನಿಮ್ಮ ಮೋರೆ ನೋಡಿದ್ರೆ ಹಾಗಲಕಾಯಿ. ಸಿಹಿ ತಿಂದಾದ್ರೂ ಸರಿಹೋಗ್ಲಿ, ನಡೀರಿ.”

ಡಾಕ್ಟರಮ್ಮನಿಗೆ ಎಪ್ಪತ್ತು ದಾಟಿತ್ತು. ಅವರ ಬೆನ್ನ ಹಿಂದಿನ ಕಪಾಟಿನ ತುಂಬ ಕಿರುಬೆರಳಿನಷ್ಟು ಸೀಸೆಗಳು. ಅವರು ಅವನ ಕೈ ನೋಡಿದ್ದು ಎರಡೇ ನಿಮಿಷ. ಉಳಿದ ಒಂದು ಗಂಟೆ ಬರೀ ಪ್ರಶ್ನೆ. ಯಾವ ಮಗ್ಗುಲಾಗಿ ಮಲಗ್ತೀರಿ? ಸಿಟ್ಟು ಬಂದ್ರೆ ಬಯ್ತೀರೋ, ನುಂಗ್ತೀರೋ? ಚಳಿ ಆಗಲ್ವೋ, ಸೆಕೆ ಆಗಲ್ವೋ? ಚರ್ಮಕ್ಕೂ ಇದಕ್ಕೂ ಏನು ನಂಟೋ ಎಂದು ಅವನು ಒಳಗೊಳಗೇ ನಕ್ಕ.

“ಕೊನೇ ಸಲ ಯಾವಾಗ ಅತ್ರಿ?” ಎಂದು ಕೇಳಿದರು.

ನಗು ನಿಂತಿತು. “ಹೋದ ತಿಂಗಳು, ಡಾಕ್ಟ್ರೇ. ಮೊಮ್ಮಗಳಿಗೆ ತಲೆ ಬಾಚೋಕೆ ಹೋದೆ. ಸೊಸೆ ‘ನಾನೇ ಬಾಚ್ತೀನಿ ಬಿಡಿ ಮಾವ’ ಅಂದ್ಲು. ಅವಳು ಸುಮ್ನೆ ಅಂದಿದ್ರೂ ಅಂದಿರ್ಬಹುದು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸ್ಕೊಂಡು…”

ಪಕ್ಕದಲ್ಲಿ ಕೂತಿದ್ದ ಹೆಂಡತಿಗೂ ಇದು ಗೊತ್ತಿರಲಿಲ್ಲ. ಮೂವತ್ತು ವರ್ಷ ಊರವರ ಮನೆ ಜಗಳ, ಮದುವೆ, ಮೂಲವ್ಯಾಧಿ ಎಲ್ಲವನ್ನೂ ಕುರ್ಚಿಯ ಹಿಂದೆ ನಿಂತು ಕೇಳಿದ್ದವನು ಅವನು. ಅವನನ್ನು ಕೂರಿಸಿಕೊಂಡು ಕೇಳಿದವರು ಯಾರೂ ಇರಲಿಲ್ಲ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಕಣ್ಣೊರೆಸಿಕೊಳ್ಳಲು ಅವನಿಗೊಂದು ಬಟ್ಟೆ ಕೊಟ್ಟರು.

“ಇದು ಹೋಗೇ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ,” ಎಂದರು ಕೊನೆಗೆ. “ಅಂಟೋ ರೋಗ ಮಾತ್ರ ಖಂಡಿತ ಅಲ್ಲ. ಗುಳಿಗೆ ತಗೊಳ್ಳಿ, ಜೊತೆಗೆ ಆ ಮುಲಾಮೂ ಹಚ್ಚಿ, ಚರ್ಮದ ಡಾಕ್ಟ್ರನ್ನ ಬಿಡ್ಬೇಡಿ. ತಿಂಗಳಿಗೊಂದ್ಸಲ ಬಂದು ನನ್ನ ಹತ್ರ ಮಾತಾಡಿ. ಆಮೇಲೆ, ಕಾಫಿ ಬಂದ್.”

“ಕಾಫಿನಾ!” ಎಂದು ಕೂಗಿದವಳು ಹೆಂಡತಿ. ಕಾಫಿಯಿಲ್ಲದ ಗಂಡನ ಜೊತೆ ಬಾಳಬೇಕಾದವಳು ಅವಳೇ ತಾನೆ.

ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅವನು ಪಾಲಿಸಿದ. ಆರು ತಿಂಗಳಾದರೂ ಮಚ್ಚೆ ಇದ್ದ ಹಾಗೇ ಇತ್ತು. ಒಮ್ಮೆ ಡಾಕ್ಟರಮ್ಮನ ಮುಂದೆ ಕೂತು, “ಅಂಗಡಿ ಮುಚ್ಚಿಬಿಡೋಣ ಅಂತಿದೀನಿ ಡಾಕ್ಟ್ರೇ, ನೊಣ ಹೊಡ್ಕೊಂಡು ಎಷ್ಟು ದಿನ ಕೂರೋದು?” ಎಂದ. ಅವರು “ಹೂಂ” ಎಂದರು, ಅಷ್ಟೇ.

ಆ ಶನಿವಾರ ಬೆಳಿಗ್ಗೆ ಅಂಗಡಿಯ ಬೆಂಚಿನಲ್ಲಿ ಮೂವರು ಕೂತಿದ್ದರು, ಪೇಪರು ಓದಲು ಬಂದವರು. ಡಾಕ್ಟರಮ್ಮ ಕೊಡೆ ಊರಿಕೊಂಡು ಒಳಗೆ ಬಂದು, ಬೀದಿಗೆ ಕಾಣುವ ಕುರ್ಚಿಯಲ್ಲಿ ಕೂತೇಬಿಟ್ಟರು. ಗಂಡಸರ ಅಂಗಡಿಯಲ್ಲಿ ಹೆಂಗಸು! ಪೇಪರುಗಳು ಕೆಳಗಿಳಿದವು.

“ಕತ್ತರಿಸಿ. ಕಿವಿ ಕಾಣೋಷ್ಟು ಗಿಡ್ಡ ಮಾಡಿ, ಕತ್ತೆಲ್ಲ ಬೆವರುತ್ತೆ.”

ಅವನು ತಡವರಿಸಿದ. “ಗ್ಲೌಸ್ ಹಾಕ್ಕೊಳ್ಲಾ, ಡಾಕ್ಟ್ರೇ?”

“ಯಾಕೆ, ನನ್ನ ತಲೆ ಅಷ್ಟು ಕೊಳಕಾಗಿದ್ಯಾ?”

ಬೆಂಚಿನವರು ಗೊಳ್ಳೆಂದು ನಕ್ಕರು. ಅವನು ಕತ್ತರಿ ಎತ್ತಿಕೊಂಡ; ಕೈ ತನ್ನ ಕೆಲಸ ನೆನಪಿಸಿಕೊಂಡಿತು. ಬೆಳ್ಳಗಿನ ಬೆರಳುಗಳು ಬೆಳ್ಳಗಿನ ಕೂದಲೊಳಗೆ ಹೊಕ್ಕು ಹೊರಬಂದವು. ಅರ್ಧ ಕೆಲಸವಾಗುವಷ್ಟರಲ್ಲಿ ಡಾಕ್ಟರಮ್ಮ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಅವರು ಎದ್ದ ಮೇಲೆ, ವರ್ಷದಿಂದ ಪೇಪರಷ್ಟೇ ಓದುತ್ತಿದ್ದ ಅಂಚೆಯವನು ಗಡ್ಡ ಕೆರೆದುಕೊಳ್ಳುತ್ತ ಬಂದು ಅದೇ ಕುರ್ಚಿಯಲ್ಲಿ ಕೂತ. “ಹೂಗೈ, ನಂದೂ ಮುಗಿಸಿಬಿಡಪ್ಪ,” ಎಂದವನ ಮುಖ ನಾಚಿಕೆಯಿಂದ ಕೆಂಪಾಗಿತ್ತು.

ಡಾಕ್ಟರಮ್ಮ ತಿಂಗಳಿಗೊಂದು ಶನಿವಾರ ತಪ್ಪದೆ ಬಂದರು. ಬೆಂಚು ಮೆಲ್ಲಗೆ ತುಂಬತೊಡಗಿತು. ಎರಡು ವರ್ಷದ ಹೊತ್ತಿಗೆ ತುಟಿಯ ಅಂಚಿನಲ್ಲಿ, ಎಡ ಮಣಿಕಟ್ಟಿನಲ್ಲಿ ಸಾಸಿವೆ ಚೆಲ್ಲಿದ ಹಾಗೆ ಬಣ್ಣ ಮರಳಿತು. ಬೆರಳ ತುದಿಗಳು ಬೆಳ್ಳಗೇ ಉಳಿದವು. ಅವನು ಕೈಮುಗಿಯಲು ಹೋದಾಗ ಡಾಕ್ಟರಮ್ಮ ತಡೆದರು. “ಮುಲಾಮೋ, ಗುಳಿಗೆಯೋ, ತಾನಾಗೇ ಬಂತೋ, ನನಗೆ ಗೊತ್ತಿಲ್ಲ. ಆ ಪುಣ್ಯ ನನ್ನ ತಲೆಗೆ ಕಟ್ಟಬೇಡಿ.”

“ತಲೆಗೆ ಏನ್ಮಾಡ್ಬೇಕು ಅನ್ನೋದನ್ನ ನನಗೆ ಬಿಡಿ ಡಾಕ್ಟ್ರೇ,” ಎಂದ ಅವನು. ಇಬ್ಬರೂ ನಕ್ಕರು. ಆದರೆ ಅವನ ಕಣ್ಣು ತುಂಬಿತ್ತು.

ಮೊನ್ನೆ ಶಾಲೆಯ ಮೇಡಮ್ಮು ಒಬ್ಬರು ಅಂಗಡಿಯ ಮೆಟ್ಟಿಲಲ್ಲಿ ನಿಂತರು. ಚಿಕ್ಕ ವಯಸ್ಸು, ಕಣ್ಣಿನ ಸುತ್ತ ಬಿಳಿ ಮಚ್ಚೆ, ಅದರ ಮೇಲೆ ದಪ್ಪಗೆ ಪೌಡರು. “ಅಣ್ಣಾ, ನಿಮಗೆ ಔಷಧಿ ಕೊಟ್ಟ ಡಾಕ್ಟ್ರು… ವಾಸಿಯಾಗುತ್ತಾ?”

ಅವನು ಎರಡೂ ಕೈ ಬೆಳಕಿಗೆ ಹಿಡಿದು ತೋರಿಸಿದ. “ಇಷ್ಟು ಬಂತು ತಾಯಿ, ಇಷ್ಟು ಬರ್ಲಿಲ್ಲ. ಯಾವುದ್ರಿಂದ ಬಂತು ಅಂತ ಅವರೇ ಹೇಳಲ್ಲ. ಚರ್ಮದ ಆಸ್ಪತ್ರೆಗೆ ಮೊದ್ಲು ಹೋಗಿ. ಆದ್ರೆ ಈ ಡಾಕ್ಟರಮ್ಮನ ಮುಂದೆ ಒಂದು ಗಂಟೆ ಕೂತು ಬನ್ನಿ. ನಾನು ಮನುಷ್ಯನಾಗಿದ್ದು ಅಲ್ಲಿ.”

ಆಕೆಗೆ ಅಲ್ಲಿಗೆ ಹೋಗುವ ದಾರಿ ಗೊತ್ತಿರಲಿಲ್ಲ. ಕುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡಿದ್ದ ಅಂಚೆಯವನಿಗೆ “ಐದು ನಿಮಿಷ, ನಿದ್ದೆ ಮಾಡ್ತಿರು,” ಎಂದು ಹೇಳಿ, ಅವನು ಚಪ್ಪಲಿ ಮೆಟ್ಟಿ ಆಕೆಯ ಜೊತೆ ಬೀದಿಗಿಳಿದ.