ಬೋರಲು ಹಾಕಿದ್ದ ಭರಣಿ

ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ರೇಣಮ್ಮನದಲ್ಲ. ಹಸಿರು ಅಂಚಿನ ಹಳೆಯ ಸೀರೆಯ ಚೂರು. ಅದರ ಮೇಲೆ ಮೂರು ಸುತ್ತು ನೂಲು ಬಿಗಿದಿತ್ತು. ತಲೆಯ ಮೇಲಿನ ಗಂಟನ್ನು ಹೊಸ್ತಿಲಲ್ಲೇ ಇಳಿಸಿ ಬಂದವಳು ನಿಂತಂತೆಯೇ ನೂಲು ಬಿಚ್ಚಿದಳು. ಒಳಗೆ ಕತ್ತಿನವರೆಗೂ ನಿಂಬೆಕಾಯಿ ಉಪ್ಪಿನಕಾಯಿ. ಹದವಾಗಿ ಮಾಗಿ, ರಸ ಬಿಟ್ಟು, ಸಿಪ್ಪೆ ಜೇನಿನ ಬಣ್ಣಕ್ಕೆ ತಿರುಗಿತ್ತು.

ಆಷಾಢದಲ್ಲಿ ಮನೆ ಬಿಟ್ಟು ಓಡುವಾಗ ಆ ಭರಣಿ ಬರಿದಾಗಿತ್ತು.

ನಿಜಾಮನ ಪರ ನಿಂತ ರಜಾಕಾರರ ಹಾವಳಿಗೆ ಹೆದರಿ ಅವಳೂ ಗಂಡ ಮಲ್ಕಪ್ಪನೂ ಕುರಿ ಹೊಡೆದುಕೊಂಡು ನಿಜಾಮನ ಗಡಿಯಾಚೆಯ ನೆಂಟರ ಊರು ಸೇರಿದ್ದರು. ಈಗ ನಿಜಾಮನ ಆಳ್ವಿಕೆ ಬಿದ್ದಿತ್ತು. ಭಾರತದ ಮಿಲಿಟರಿ ಬಂದು ಹೋಗಿತ್ತು. ದೀಪಾವಳಿಯೂ ಕಳೆದಿತ್ತು. ಮರಿ ಹಾಕಿದ ಕುರಿಗಳನ್ನು ನಡೆಸಿಕೊಂಡು ಮಲ್ಕಪ್ಪ ನಿಧಾನವಾಗಿ ಬರುವವನಿದ್ದ. ಮನೆ ಏನಾಗಿದೆಯೋ ಎಂಬ ಚಿಂತೆಯಲ್ಲಿ ರೇಣಮ್ಮ ಒಬ್ಬಳೇ ಮುಂದೆ ಬಂದಿದ್ದಳು.

ಅವರ ಊರಾದ ಸಗರದೊಳಗಿನ ಎಷ್ಟೋ ಮನೆಗಳಿಗೆ ಬಾಗಿಲು ಉಳಿದಿರಲಿಲ್ಲ. ಊರಾಚೆ ಹೊಲದಲ್ಲಿದ್ದ ಅವಳ ಎರಡು ಅಂಕಣದ ಮನೆ ಮಾತ್ರ ಬಿಟ್ಟು ಹೋದಾಗ ಇದ್ದದ್ದಕ್ಕಿಂತ ಚೊಕ್ಕಟವಾಗಿತ್ತು. ನೆಲಕ್ಕೆ ಸೆಗಣಿ ಬಳಿದಿತ್ತು. ಬಿಟ್ಟು ಹೋದ ಐದು ಕೋಳಿ ಈಗ ಹದಿನಾಲ್ಕಾಗಿದ್ದವು. ಒಲೆಯ ಬೂದಿಗೆ ಬೆರಳಿಟ್ಟ ರೇಣಮ್ಮ ಚಟ್ಟನೆ ಕೈ ತೆಗೆದಳು. ಅಡಿಯಲ್ಲಿ ಕೆಂಡ ಇನ್ನೂ ಜೀವ ಹಿಡಿದಿತ್ತು.

"ಯಾರಿದ್ದೀರಿ?" ಎಂದು ಕೇಳಿದಳು. ಅವಳ ದನಿ ಅವಳಿಗೇ ಬೇರೆಯವರ ದನಿಯಂತೆ ಕೇಳಿಸಿತು.

ಅಂದಿನಿಂದ ಅವಳಿಗೆ ಆ ಮನೆಯಲ್ಲಿ ತಾನೇ ಬಂದಿಳಿದ ಬೀಗಿತ್ತಿ ಅನ್ನಿಸತೊಡಗಿತು. ಜೋಳದ ನುಚ್ಚು ಹಿಡಿದು "ಬಾ ಬಾ ಬಾ" ಎಂದು ಕರೆದರೆ ಕೋಳಿಗಳು ಕತ್ತೆತ್ತಿ ನೋಡುತ್ತಿದ್ದವೇ ಹೊರತು ಹತ್ತಿರ ಬರುತ್ತಿರಲಿಲ್ಲ. ಆದರೆ ಸೂರ್ಯ ನೆತ್ತಿಗೆ ಬಂದ ಹೊತ್ತಿಗೆ, ಯಾರೂ ಕರೆಯದೆಯೇ, ಹದಿನಾಲ್ಕೂ ಒಮ್ಮೆಲೇ ಕೆದಕುವುದನ್ನು ನಿಲ್ಲಿಸುತ್ತಿದ್ದವು. ಆಮೇಲೆ ಒಂದರ ಹಿಂದೊಂದು ತೊಗರಿಯೊಳಗೆ ಓಡಿ ಮರೆಯಾಗುತ್ತಿದ್ದವು. ಮುಂಗಾರಿಗೆ ಬಿತ್ತಿ ಹೋದ ತೊಗರಿ ಆಳೆತ್ತರ ಬೆಳೆದು, ಹೂ ಉದುರಿಸಿ ಕಾಯಿ ಕಟ್ಟಿತ್ತು. ಗಾಳಿ ಇಲ್ಲದಾಗಲೂ ನಡುವಿನಲ್ಲೆಲ್ಲೋ ಒಂದೆರಡು ಗಿಡ ಅಲ್ಲಾಡಿದಂತೆ ಕಾಣುತ್ತಿತ್ತು. ಬಿಸಿಲು ಜಾರುವಾಗ ಕೋಳಿಗಳು ಕೊರಳ ಚೀಲ ತುಂಬಿಸಿಕೊಂಡು ಮರಳುತ್ತಿದ್ದವು.

ಮಲ್ಕಪ್ಪ ಬಂದ ದಿನ ಅವನ ಸೋದರತ್ತೆ ಭೀಮಮ್ಮನೂ ಊರಿಂದ ಬಂದಳು. ರೇಣಮ್ಮ ಬಿಸಿ ರೊಟ್ಟಿ ಬಡಿದು, ಪುಂಡಿಪಲ್ಯದ ಪಕ್ಕಕ್ಕೆ ಒಂದೊಂದು ನಿಂಬೆಕಾಯಿ ಇಟ್ಟಳು. ಭೀಮಮ್ಮ ರಸ ಹಚ್ಚಿದ ತುತ್ತನ್ನು ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದಳು. ಕಾಯಿಯನ್ನು ಎತ್ತಿ ತಿರುಗಿಸಿ ನೋಡಿದಳು. ನಾಲ್ಕು ಹೋಳು ಸೀಳಿದ್ದರೂ ಬುಡ ಬಿಡಿಸಿರಲಿಲ್ಲ. ಮೊಗ್ಗಿನಂತೆ ಕೂಡಿಕೊಂಡೇ ಇತ್ತು.

"ರೇಣಿ, ಇದು ಯಾರು ಹಾಕಿದ್ದು?"

"ಯಾಕ್ರಿ ಅತ್ತಿ?"

"ಬುಡ ಕೂಡಿಸಿ ಸೀಳೂದು, ಒಳಗ ಬಡೇಸೋಪು ತುಂಬೂದು ನಮ್ಮ ಪೈಕಿ ಇಲ್ಲ. ಇದು ಇಮಾಂಬಿ ಕೈ. ಆ ಬಾಷುಮಿಯಾನ ಹೇಣ್ತಿದು."

ಮಲ್ಕಪ್ಪನ ಮುಖ ಬಿಗಿಯಿತು. ಬಾಷುಮಿಯಾ ಬಂಡಿ ಹೊಡೆಯುವವನು. ರಜಾಕಾರರು ಊರೊಳಗಿನ ಕಾಳು ಹೇರಿಕೊಂಡು ಹೋದದ್ದು ಅವನ ಬಂಡಿಯಲ್ಲೇ. ಅಡ್ಡ ಹೋದ ಮಲ್ಕಪ್ಪನ ತಮ್ಮ ಬಾಲಪ್ಪನ ಕೈ ಮುರಿದದ್ದೂ ಅದೇ ದಿನ. ಮಿಲಿಟರಿ ಬಂದ ವಾರದಲ್ಲಿ ಊರವರು ಬಾಷುಮಿಯಾನನ್ನು ಉಳಿಸಲಿಲ್ಲ.

"ಅಕಿ ಸತ್ತು ಎರಡು ತಿಂಗಳಾತು," ಎಂದಳು ಭೀಮಮ್ಮ. "ಹಿಂದ ಬೆನ್ನು ಹತ್ತಿದ ಮಂದಿ ಕಂಡು ಹಾಳಬಾವಿಗಿ ಬಿದ್ಲಂತ. ಹೆಣಾನೂ ಮ್ಯಾಲ ಬರಲಿಲ್ಲ. ಸತ್ತಾಕಿ ಕೈದು ತಿನ್ನಬ್ಯಾಡ್ರಿ. ಹೂತು ಬಿಡ್ರಿ."

ಶಹಾಪುರದ ಸಂತೆಯಲ್ಲಿ ರೇಣಮ್ಮನೂ ಇಮಾಂಬಿಯೂ ಮಗ್ಗುಲಿಗೆ ಮಗ್ಗುಲಾಗಿ ಕೂತು ಮೊಟ್ಟೆ ಮಾರಿದವರು. ಬೆಚ್ಚಗಿದ್ದ ಬೂದಿ ನೆನಪಾಯಿತು. ಯೋಚಿಸುವ ಮೊದಲೇ ಬಾಯಿ ಮಾತಾಡಿತ್ತು.

"ಹೋಗೂಕ್ಕಿಂತ ಮೊದಲ ನಾನ ಹಾಕಿಟ್ಟಿದ್ದೆ, ಅತ್ತಿ. ಸಂತ್ಯಾಗ ಅಕಿ ಹೇಳಿಕೊಟ್ಟಿದ್ಲು."

ಭೀಮಮ್ಮ ಅವಳನ್ನೇ ಒಂದು ಗಳಿಗೆ ನೋಡಿ, ಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸಿದಳು. ಮಲ್ಕಪ್ಪ ತನ್ನ ಪಾಲಿನದನ್ನು ಬಿಡದೆ ತಿಂದು ಎದ್ದ.

ಮರುದಿನ ಅವನು ಕುರಿ ಬಿಟ್ಟುಕೊಂಡು ಹೋದ ಮೇಲೆ ರೇಣಮ್ಮ ಸೆರಗಿನಲ್ಲಿ ಎರಡು ರೊಟ್ಟಿ ಕಟ್ಟಿಕೊಂಡು ಕಾದಳು. ನೆತ್ತಿಯ ಹೊತ್ತಿಗೆ ಕೋಳಿಗಳು ಓಡಿದವು. ಅವುಗಳ ಹಿಂದೆಯೇ ಅವಳೂ ತೊಗರಿಯೊಳಗೆ ನುಗ್ಗಿದಳು. ಕಾಯಿಗಳು ಮುಖಕ್ಕೆ ತರಚುತ್ತಿದ್ದವು. ನಾಲ್ಕೈದು ಸಾಲು ದಾಟಿದಾಗ ಒಂದು ಸದ್ದು ಕಿವಿಗೆ ಬಿತ್ತು: ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಟಕ್, ಟಕ್, ಟಕ್. ಮನುಷ್ಯರದೆನ್ನಲಾಗದಷ್ಟು ಸಣ್ಣ ಸದ್ದು.

ಚಾಪೆಯಗಲದ ಜಾಗದಲ್ಲಿ ಇಮಾಂಬಿ ಕುಕ್ಕರುಗಾಲಲ್ಲಿ ಕೂತಿದ್ದಳು. ಮೂವತ್ತು ದಾಟದವಳ ತಲೆ ಪೂರ್ತಿ ಬೆಳ್ಳಗಾಗಿತ್ತು. ಸುಲಿದ ತೊಗರಿಕಾಳನ್ನು ಕೋಳಿಗಳಿಗೆ ಚೆಲ್ಲುತ್ತಿದ್ದವಳು ರೇಣಮ್ಮನನ್ನು ಕಂಡು ಬೆಚ್ಚಲಿಲ್ಲ. ನಿನ್ನೆಯ ಸಂತೆಯ ಮಾತು ಮುಂದುವರಿಸುವವಳಂತೆ ಹೇಳಿದಳು:

"ಅಕ್ಕಾ, ಬಾಗಲಾ ತೆರದು ಹೋಗಿದ್ದಿ. ನಾಯಿ ಹೊಕ್ಕಾವಂತ ನಾನು ಒಳಗ ಕುಂತೆ. ನಿಂಬಿಕಾಯಿ ಗಿಡದಾಗ ಉದುರಿ ಕೊಳ್ಯಾಕತ್ತಿದ್ದವು."

"ಇಮಾಂಬಿ, ಬಾವಿಗಿ ಬಿದ್ದಿ ಅಂದ್ರಲ್ಲವ್ವಾ."

"ನಾ ಕಲ್ಲು ಒಗದೆ. ಸಪ್ಪಳ ಕೇಳಿ ಅವರು ಹೊಳ್ಳಿ ಹೋದ್ರು." ಅವಳು ದನಿ ತಗ್ಗಿಸಿ ಕೇಳಿದಳು: "ನಮ್ಮ ಮನಿಯವ್ರ ಬಂಡಿ ಈ ಕಡಿ ಬಂದಿತ್ತೇನು?"

ರೇಣಮ್ಮ ರೊಟ್ಟಿ ಮುಂದಿಟ್ಟು, "ಮನಿಗಿ ಬಾ," ಎಂದಳು.

"ನಿಮ್ಮ ಮನಿಯವ್ರು ಬಂದಾರ. ಒಲ್ಲೆ." ಇಮಾಂಬಿ ಸುತ್ತಲಿನ ಗಿಡಗಳ ತುದಿಯತ್ತ ಕಣ್ಣಾಡಿಸಿದಳು. ಕೆಲವು ಕಾಯಿ ಆಗಲೇ ಒಣಗತೊಡಗಿದ್ದವು. "ಅಕ್ಕಾ, ಕೊಯ್ಲು ಯಾವಾಗ?"

ಆ ಪ್ರಶ್ನೆ ರೇಣಮ್ಮನ ಬೆನ್ನು ಬಿಡಲಿಲ್ಲ. ದಿನಾ ನೆತ್ತಿಯ ಹೊತ್ತಿಗೆ ರೊಟ್ಟಿ ಒಯ್ದಳು. ದಿನಾ ಮನೆಗೆ ಕರೆದಳು. ಇಮಾಂಬಿ ಅದಕ್ಕೆ ತಲೆಯಲ್ಲಾಡಿಸಿ, ಅದೊಂದನ್ನೇ ಕೇಳುತ್ತಿದ್ದಳು. ಎಳ್ಳಮಾವಾಸ್ಯೆ ಕಳೆಯಿತು. ಹೊಲ ಹಸಿರು ಬಿಟ್ಟು ಕಂದಾಯಿತು, ನಡೆದರೆ ಗೆಜ್ಜೆಯಂತೆ ಗಲಗಲ ಎನ್ನತೊಡಗಿತು. ಒಂದು ಬೆಳಿಗ್ಗೆ ಮಲ್ಕಪ್ಪ ಅಂಗಳದ ಕಲ್ಲಿಗೆ ಕುಡುಗೋಲು ಮಸೆಯುತ್ತ ಕೂತ. ಊರಿಂದ ಅಂಬ್ರಪ್ಪ ಮತ್ತವನ ಅಣ್ಣ ಕೊಯ್ಲಿಗೆ ಬರುವವರಿದ್ದರು.

ರೇಣಮ್ಮ ನೀರಿನ ಚೊಂಬು ತಂದಿಟ್ಟು ಅಲ್ಲೇ ನಿಂತಳು.

"ನಟ್ಟನಡುವ ಒಂದೀಟು ಬಿಡ್ರಿ."

"ಯಾಕ?"

"ಕೋಳಿಗೆ ನೆರಳಾಕ್ಕೈತಿ."

ಅವನು ಅಲಗಿನ ಮೇಲೆ ಹೆಬ್ಬೆರಳು ಸವರಿ ನೋಡಿದ. ತಲೆ ಎತ್ತಲಿಲ್ಲ.

"ಊರು ಬಿಡೂ ದಿನ ಆ ಭರಣಿ ತೊಳದು ಬೋರಲ ಹಾಕಿದಾಂವ ನಾನು," ಎಂದ.

ಕಲ್ಲಿನ ಮೇಲೆ ಕುಡುಗೋಲು ಮತ್ತೆ ಓಡಾಡತೊಡಗಿತು.

"ಬಾಲಪ್ಪಗ ಇನ್ನೂ ಎಡಗೈಲೆ ಚೊಂಬು ಎತ್ತಾಕ ಆಗೂದಿಲ್ಲ," ಎಂದ.

"ಗೊತ್ತೈತ್ರಿ."

ಅವನು ಎದ್ದು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ನಡೆದ. ರೇಣಮ್ಮ ಅಂಗಳದಿಂದ ಕದಲಲಿಲ್ಲ. ಅಂಬ್ರಪ್ಪ ಬಂದು ಸಾಲು ಹಂಚಿಕೊಳ್ಳುವಾಗ ಗಂಡನ ದನಿ ಕೇಳಿಸಿತು. "ಅಂಚಿನವು ನೀವು ಹಿಡೀರಿ. ನಡುವಿನವು ನನಗಿರಲಿ." ಮಧ್ಯಾಹ್ನದವರೆಗೂ ಕುಡುಗೋಲಿನ ಕರಕರ ಸದ್ದು. ಪ್ರತಿ ಸಲ ಅದು ನಿಂತಾಗಲೂ ಅವಳು ಹೊಲದ ನಡುವಿನತ್ತ ಕಿವಿಗೊಡುತ್ತಿದ್ದಳು. ಒಮ್ಮೆ ಮಾತ್ರ ಅದು ಬಹಳ ಹೊತ್ತು ನಿಂತಿತು. ಕೂಗಿಲ್ಲ, ಮಾತಿಲ್ಲ. ಆಮೇಲೆ ಮತ್ತೆ ಶುರುವಾಯಿತು.

ಸಂಜೆಗೆ ಹೊಲವೆಲ್ಲ ಬೋಳಾಗಿ ಕಪ್ಪು ನೆಲ ಕಂಡಿತು. ನಡುವೆ ಒಂದು ಬಂಡಿಯಗಲದಷ್ಟು ತೊಗರಿ ಹಾಗೇ ನಿಂತಿತ್ತು.

"ಅದೇನಪಾ, ಮಲ್ಕಣ್ಣ?" ಎಂದ ಅಂಬ್ರಪ್ಪ.

"ಬೀಜಕ್ಕ."

ಮೋಡವಿಲ್ಲದ ಪುಷ್ಯದ ಚಳಿ ನೆಲದಿಂದ ಏಳತೊಡಗಿತ್ತು. ಮಲ್ಕಪ್ಪ ಕೈಕಾಲು ತೊಳೆದು ಒಳಗೆ ಬಂದು, ಎಂದಿಗಿಂತ ಹತ್ತಿರಕ್ಕೆ ಒಲೆಯ ಮುಂದೆ ಕೂತ. ಬೆಳಿಗ್ಗೆ ಅವನ ಹೆಗಲ ಮೇಲಿದ್ದ ಕಂಬಳಿ ಈಗ ಇರಲಿಲ್ಲ. ರೇಣಮ್ಮ ಅದನ್ನು ನೋಡಿದಳು. ಇನ್ನೊಂದು ತೊಗರಿಕಟ್ಟಿಗೆಯನ್ನು ಮುರಿದು ಉರಿಯೊಳಗೆ ತುರುಕಿದಳು.