ಏಳು ನಿಮಿಷದ ಜಗಳ

ಅಕ್ಕ ಬಾಯ್ಲರ್ ಮನೆಯ ಆಪರೇಟರ್, ತಂಗಿ ಪಕ್ಕದ ಕಾಗದ ಕಾರ್ಖಾನೆಯ ಆಪರೇಟರ್. ಬಾಯ್ಲರ್ ಒಬ್ಬ ಮಾಲೀಕರದು, ಕಾರ್ಖಾನೆ ಇನ್ನೊಬ್ಬರದು. ನಡುವೆ ಒಂದು ಕಾಂಪೌಂಡ್ ಗೋಡೆ, ಅದರ ಮೇಲೆ ಹಾದುಹೋಗುವ ದಪ್ಪನೆಯ ಹಬೆಯ ಕೊಳವೆ. ಅಕ್ಕ ಕಳಿಸಿದ ಹಬೆಯಿಂದಲೇ ತಂಗಿಯ ಯಂತ್ರದ ಉರುಳೆಗಳು ಕಾದು, ಅವುಗಳ ಮೇಲೆ ಹಸಿ ಕಾಗದ ಒಣಗಬೇಕು. ಒತ್ತಡ ಕುಸಿದರೆ ಹಾಳೆ ಒದ್ದೆಯಾಗಿಯೇ ಉಳಿದು ಪರ್ರನೆ ಹರಿಯುತ್ತಿತ್ತು.

ಹರಿದ ಹಾಳೆಯನ್ನು ಮತ್ತೆ ಉರುಳೆಗಳಿಗೆ ಪೋಣಿಸುವುದೆಂದರೆ ಅರ್ಧ ಗಂಟೆಯ ಒದ್ದಾಟ. ಅದು ಮುಗಿದ ಮೇಲೆ ತಂಗಿ ಫೋನ್ ಎತ್ತುತ್ತಿದ್ದಳು.

"ಹತ್ತು ಹತ್ತಕ್ಕೆ ಪ್ರೆಷರ್ ಬಿತ್ತು. ತೂಕಡಿಸ್ತಿದ್ದೆಯಾ ಹೇಗೆ?"

"ಹತ್ತು ಹತ್ತಕ್ಕೆ ನನ್ನ ಪರದೆಯಲ್ಲಿ ಪ್ರೆಷರ್ ಗೆರೆ ನೆಟ್ಟಗಿದೆ ಕಣೇ! ಹತ್ತು ಮೂರಕ್ಕೆ ಸ್ವಲ್ಪ ಇಳಿದಿತ್ತು, ಐದೇ ನಿಮಿಷದಲ್ಲಿ ಸರಿ ಮಾಡಿದೆ."

"ಹಾಗಾದ್ರೆ ನಾನು ಸುಳ್ಳು ಹೇಳ್ತೀನಾ?"

"ನಾನು ಹೇಳ್ತೀನಾ?"

ಮೂರು ವರ್ಷದಿಂದ ಇದೇ ರಾಗ. ಮನೆಗೆ ಬಂದು ಊಟಕ್ಕೆ ಕೂತರೂ ಮುಗಿಯುತ್ತಿರಲಿಲ್ಲ. "ಬಾಯಿ ಮುಚ್ಕೊಂಡು ತಿನ್ರೇ," ಎಂದು ಅಮ್ಮ ರೇಗುತ್ತಿದ್ದರು. "ನನಗೆ ಹೆಣ್ಮಕ್ಕಳು ಹುಟ್ಟಿದ್ರೋ, ಪ್ರೆಷರ್ ಕುಕ್ಕರ್ ಹುಟ್ಟಿದ್ವೋ!"

ಕೊನೆಗೆ ಮಾಲೀಕರಿಬ್ಬರೂ ಸೋತು ಒಬ್ಬ ಇನ್‌ಸ್ಟ್ರುಮೆಂಟ್ ಎಂಜಿನಿಯರನ್ನು ಕರೆಸಿದರು. ಒಂದು ಕಾರ್ಖಾನೆಯ ಕಂಪ್ಯೂಟರಿನ ಅಂಕಿಅಂಶ ಇನ್ನೊಂದು ಕಾರ್ಖಾನೆಗೆ ಕಾಣುವಂತೆ ಮಾಡುವುದು ಅವರ ಕಸುಬು. ಎರಡು ಮನೆಗಳನ್ನು ಕೂಡಿಸುತ್ತಾರೆಂದು ಎಲ್ಲರೂ ಅವರನ್ನು ಬೀಗರು ಎಂದೇ ಕರೆಯುತ್ತಿದ್ದರು. ಅವರಿಗೂ ಅದರಲ್ಲಿ ಖುಷಿಯಿತ್ತು.

ಬೀಗರು ಗೋಡೆಗೆ ಒಂದು ಪೆಟ್ಟಿಗೆ ಕೂರಿಸಿ ಕೇಬಲ್ ಎಳೆಯುವಾಗ ಅಕ್ಕ ಅಡ್ಡ ನಿಂತಳು.

"ಸರ್, ನನ್ನ ವಾಲ್ವ್ ಅವಳ ಕೈಗೆ ಸಿಕ್ಕರೆ ನನ್ನ ಕಥೆ ಮುಗೀತು."

"ಹೆದರಬೇಡಿ ಕಣಮ್ಮ. ಅವರು ನೋಡಬಹುದು, ಮುಟ್ಟೋಕಾಗಲ್ಲ. ನೀವೂ ಅಷ್ಟೇ."

ವಿಷಯ ಕೇಳಿದ ತಂಗಿ, "ಕಿಟಕಿ ಇಟ್ಟಿದ್ದೀರಿ, ಬಾಗಿಲು ಇಟ್ಟಿಲ್ಲ ಅನ್ನಿ," ಎಂದು ನಕ್ಕಳು.

ಎರಡು ಕಂಪ್ಯೂಟರ್‌ಗಳಲ್ಲಿ ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಒಂದೇ ಕೊಳವೆಗೆ ಅಲ್ಲೊಂದು ಹೆಸರು, ಇಲ್ಲೊಂದು ಹೆಸರು. ಅವನ್ನೆಲ್ಲ ಹೊಂದಿಸಲು ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಬಾಯ್ಲರ್ ಮನೆಯ ಪರದೆಯ ಮೇಲೆ ಎರಡೂ ಕಡೆಯ ಗೆರೆಗಳು ಒಟ್ಟಿಗೆ ಮೂಡಿದವು. ತಂಗಿ ತನ್ನ ಜಾಗದಿಂದ ಫೋನಿನ ಸ್ಪೀಕರ್‌ನಲ್ಲಿದ್ದಳು.

ಬೀಗರು ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಎರಡು ಗೆರೆಗಳಲ್ಲೂ ಅದೇ ಇಳಿತ, ಅದೇ ಏರು. ಆದರೆ ಒಂದು ಮುಂದೆ, ಒಂದು ಹಿಂದೆ.

"ಇಬ್ಬರೂ ಹೇಳಿ, ನಿಮ್ಮ ನಿಮ್ಮ ಕಂಪ್ಯೂಟರಲ್ಲಿ ಈಗ ಗಂಟೆ ಎಷ್ಟು?"

"ಹನ್ನೊಂದು ಇಪ್ಪತ್ತು," ಎಂದಳು ಅಕ್ಕ.

"ಹನ್ನೊಂದು ಇಪ್ಪತ್ತೇಳು," ಎಂದಿತು ಫೋನು.

ಬೀಗರು ಕಿಸಕ್ಕೆಂದರು. ಅಕ್ಕ ಕುರ್ಚಿಯಲ್ಲಿ ಕುಸಿದು ಕೂತಳು.

"ಅಯ್ಯೋ, ಮೂರು ವರ್ಷ ಇಬ್ಬರೂ ನಿಜಾನೇ ಹೇಳಿದ್ವಲ್ಲೇ!"

ಗಡಿಯಾರ ಸರಿಹೋದ ಮೇಲೆ ಅಸಲಿ ಕಾರಣವೂ ಸಿಕ್ಕಿಬಿದ್ದಿತು. ಒತ್ತಡ ಬೀಳುವ ಎರಡು ನಿಮಿಷ ಮೊದಲು, ಪ್ರತಿ ಸಲವೂ, ಕಾರ್ಖಾನೆಯ ತಿರುಳು ಬೇಯಿಸುವ ತೊಟ್ಟಿಯ ಹಬೆ ವಾಲ್ವ್ ಒಮ್ಮೆಲೇ ಪೂರ್ತಿ ತೆರೆದುಕೊಳ್ಳುತ್ತಿತ್ತು. ಹಬೆಯೆಲ್ಲ ಅತ್ತ ನುಗ್ಗುತ್ತಿತ್ತು.

"ಅಕ್ಕಾ," ತಂಗಿಯ ದನಿ ಮೆತ್ತಗಾಯಿತು, "ಆ ವಾಲ್ವ್ ತೆರೆಯೋದು ನಾನೇ."

ಚುಚ್ಚಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಅಕ್ಕನ ನಾಲಿಗೆ ತುದಿಗೆ ಮಾತು ಬಂದಿದ್ದೂ ನಿಜ. ಆದರೆ ತಂಗಿಯ ಆ ಮೆತ್ತಗಿನ ದನಿ ಕೇಳಿ ಅವಳ ಮನಸ್ಸು ಕರಗಿತು.

"ಹೋಗ್ಲಿ ಬಿಡೇ. ಸ್ವಲ್ಪ ಸ್ವಲ್ಪವಾಗಿ ತೆರಿ. ಈಗ ಇಲ್ಲಿಂದ ಕಾಣುತ್ತಲ್ಲ, ನೀನು ಶುರು ಮಾಡಿದ ತಕ್ಷಣ ಬೆಂಕಿ ಜೋರು ಮಾಡ್ತೀನಿ."

ಆ ಮಧ್ಯಾಹ್ನ ತಂಗಿ ವಾಲ್ವ್ ತೆರೆದಳು, ಅಕ್ಕ ಬೆಂಕಿ ಏರಿಸಿದಳು. ಗೆರೆ ಒಂದಿಷ್ಟು ಬಳುಕಿ ಮತ್ತೆ ನೆಟ್ಟಗೆ ನಿಂತಿತು. ಹಾಳೆ ಹರಿಯಲಿಲ್ಲ. ಮಾರನೆಯ ದಿನವೂ ಹರಿಯಲಿಲ್ಲ. ಎಂಟು ದಿನ ಕಳೆದಾಗ ಕಾರ್ಖಾನೆಯವರು ಕುಣಿಯುವುದೊಂದೇ ಬಾಕಿ.

ಒಂಬತ್ತನೆಯ ದಿನ ಪಾಳಿ ಮುಗಿಸಿ ಅಕ್ಕ ಗೋಡೆ ಬಳಸಿಕೊಂಡು ಕಾರ್ಖಾನೆಗೆ ಬಂದಳು. ಇಷ್ಟು ವರ್ಷ ಹಬೆ ಕಳಿಸಿದ್ದಳೇ ಹೊರತು ಅದು ಏನು ಮಾಡುತ್ತದೆಂದು ಒಮ್ಮೆಯೂ ನೋಡಿರಲಿಲ್ಲ. ತಂಗಿ ಅವಳ ಕೈಹಿಡಿದು ಯಂತ್ರದುದ್ದಕ್ಕೂ ನಡೆಸಿದಳು. ಆ ತುದಿಯಲ್ಲಿ ಗಂಜಿಯಂಥ ನೀರು, ಈ ತುದಿಯಲ್ಲಿ ಬೆಳ್ಳಗೆ ಹರಿದುಬರುವ ಕಾಗದ. ತಂಗಿ ಸುರುಳಿಯ ಅಂಚಿನಿಂದ ಒಂದು ತುಂಡು ಕತ್ತರಿಸಿ ಕೊಟ್ಟಳು. ಅಕ್ಕ ಅದನ್ನು ಕೆನ್ನೆಗೆ ಒತ್ತಿಕೊಂಡಳು.

"ಇನ್ನೂ ಬಿಸಿಯಾಗಿದೆ ಕಣೇ!"

"ಮತ್ತೆ? ನಿನ್ನ ಹಬೆ ಅಲ್ವಾ," ಎಂದು ತಂಗಿ ಯಂತ್ರದ ಸದ್ದಿಗೂ ಮೀರಿ ಕೂಗಿ ಹೇಳಿದಳು.