ನೂರಮ್ಮನ ಬೈಗುಳ

ಕಥೆಯಲ್ಲಿ ಓದಿದವರು ಅಳಲಿ ಎಂದು ಪವಿತ್ರ ಬರೆದಿದ್ದ ಜಾಗಕ್ಕೆ ಬಂದಾಗ ಶಾಹೀನಾ ಕಿಸಕ್ಕನೆ ನಕ್ಕುಬಿಟ್ಟಳು. ಮಧ್ಯಾಹ್ನದ ಬಿಡುವಿನಲ್ಲಿ ಸ್ಟಾಫ್ ರೂಮಿನಲ್ಲಿ ಅವರಿಬ್ಬರೇ ಇದ್ದರು. ಪವಿತ್ರಳ ಕೈಯಲ್ಲಿದ್ದ ಚಿತ್ರಾನ್ನದ ತುತ್ತು ಅಲ್ಲೇ ನಿಂತಿತು.

"ಯಾಕೆ ಶಾಹೀನಾ, ಏನಾದ್ರೂ ತಪ್ಪಾಗಿದ್ಯಾ?"

"ಇರಮ್ಮ, ಪೂರ್ತಿ ಓದ್ತೀನಿ."

ಪವಿತ್ರ ಹತ್ತಿರದ ಮೇಲೂರು ಎಂಬ ಹಳ್ಳಿಯವಳು; ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕಣೆ. ಶಾಹೀನಾ ಶಿಡ್ಲಘಟ್ಟದವಳು, ಅವಳಮ್ಮ ಗೂಡು ಬೇಯಿಸಿ ನೂಲು ತೆಗೆಯುವವಳು. ಒಂದೇ ಶಾಲೆಯಲ್ಲಿ ಪಾಠ ಹೇಳುತ್ತಾ, ಒಂದೇ ಡಬ್ಬಿಗೆ ಕೈ ಹಾಕಿ ಉಣ್ಣುವ ಗೆಳತಿಯರು. ಇಷ್ಟು ಸಲಿಗೆ ಸಾಕಲ್ಲ ಎಂದು ಪವಿತ್ರ, ನೂಲು ತೆಗೆಯುವ ನೂರಮ್ಮ ಎಂಬುವಳ ಕಥೆ ಬರೆದೇಬಿಟ್ಟಿದ್ದಳು. ಬರೆದ ಮೇಲೆ ಶುರುವಾಯಿತು ನೋಡಿ ಪುಕುಪುಕು. ತನ್ನದಲ್ಲದ ಮನೆಯೊಳಗೆ ನುಗ್ಗಿ ಬರೆಯಲು ತಾನ್ಯಾರು? ಪತ್ರಿಕೆಗೆ ಕಳಿಸಲು ಅಂದೇ ಕೊನೆಯ ದಿನ. ಮೊದಲ ಕಥೆ, ಆಸೆಯೇನು ಕಡಿಮೆಯಿರಲಿಲ್ಲ. ಆದರೂ ಶಾಹೀನಾ ಬೇಡವೆಂದರೆ ಕಳಿಸುವುದೇ ಇಲ್ಲವೆಂದು ಗಟ್ಟಿಮಾಡಿಕೊಂಡಿದ್ದಳು.

ಶಾಹೀನಾ ಹಾಳೆಗಳನ್ನು ಕೆಳಗಿಟ್ಟಳು. "ನಿನ್ನ ನೂರಮ್ಮ ಬಾಣಲೆ ಮುಂದೆ ಕೂತ್ಕೊಂಡು ಬೇಯ್ತಿರೋ ಹುಳಕ್ಕೆ ಅಳ್ತಾಳಲ್ಲ, ಯಾಕೆ?"

"ಪಾಪ, ಜೀವ ಅಲ್ವಾ?"

"ಅಳೋರು ನೀವು ಕಣೇ! ಸೊಪ್ಪು ತಿಂತು, ಪೊರೆ ಬಿಡೋಕೆ ಜ್ವರಕ್ಕೆ ಕೂತ್ಕೊಂತು, ಹಣ್ಣಾಗಿ ಗೂಡು ಕಟ್ತು ಅಂತ ಮಗು ಥರ ಸಾಕಿರ್ತೀರ. ನಮ್ಮಮ್ಮಂಗೆ ಅದು ಗೂಡು ಅಷ್ಟೆ. ಎಳೆ ಸಲೀಸಾಗಿ ಬಂದ್ರೆ ಹಾಡ್ತಾಳೆ, ಕಿತ್ಕೊಂಡ್ರೆ ಬೈತಾಳೆ. ಇಲ್ಲಿ ನೂರಮ್ಮನ ದುಪಟ್ಟಾ ಹೊದ್ಕೊಂಡು ನೀನೇ ಕೂತಿದ್ದೀಯ."

ಪವಿತ್ರಳ ಮುಖ ಸಪ್ಪಗಾಯಿತು. "ಹಂಗಾದ್ರೆ ಕಳಿಸಲ್ಲ ಬಿಡು."

"ಅಯ್ಯೋ, ಕಳಿಸ್ಬೇಡ ಅಂದ್ನಾ ನಾನು? ಇನ್ನೊಂದ್ ಕೇಳು. ಇವಳು ಯಾರಿಗೂ ಎದುರು ಮಾತಾಡಲ್ಲ, ಒಂದ್ ಸಲಾನೂ ನಗಲ್ಲ. ನಮ್ಮ ಬೀದೀಲಿ ಇಂಥೋಳು ಒಬ್ಬಳಿದ್ರೆ ತೋರ್ಸು ನೋಡಣ."

"ನಿಂಗೆ ಬೇಜಾರಾಗುತ್ತೆ ಅಂತ ಹೆದರ್ಕೊಂಡು..."

"ಬೇಜಾರಾಗಿದ್ದು ಅದಕ್ಕೇನೆ. ನನ್ ಜೊತೆ ದಿನಾ ಜಗಳ ಆಡ್ತೀಯ, ಅವಳಿಗ್ಯಾಕೆ ಈ ಮರ್ಯಾದೆ? ಅವಳೂ ಬೈಲಿ ಬಿಡು."

"ಯಾರನ್ನ?"

"ಇನ್ಯಾರನ್ನ? ನಿಮ್ಮನ್ನೇ!" ಎಂದು ಶಾಹೀನಾ ಡಬ್ಬಿಯಲ್ಲಿ ಉಳಿದಿದ್ದ ಉಪ್ಪಿನಕಾಯಿಯನ್ನೆಲ್ಲ ಬಳಿದುಕೊಂಡಳು.

ಸಂಜೆ ಮನೆಗೆ ಬಂದವಳೇ ಪವಿತ್ರ ಜಗಲಿಯ ಮೇಲೆ ಬರೆಯಲು ಕೂತಳು. ಮೊದಲ ಬೈಗುಳಕ್ಕೆ ಕೈ ತಡೆಯಿತು. ಬೈಸಿಕೊಳ್ಳಬೇಕಾದವನು ಗೂಡು ತಂದ ರೈತ; ಎಷ್ಟು ಬೇಡವೆಂದರೂ ಅವನಿಗೆ ತನ್ನ ತಂದೆಯ ಮುಖವೇ ಬರುತ್ತಿತ್ತು. ಆದದ್ದಾಗಲಿ ಎಂದು ಬರೆದಳು. ಆಮೇಲೆ ನೂರಮ್ಮನ ಬಾಯಿ ನಿಲ್ಲಲೇ ಇಲ್ಲ. ಅಬ್ಬಾ, ಎಂಥ ಖುಷಿ! ಬರೆಯುತ್ತಾ ಬರೆಯುತ್ತಾ ಪವಿತ್ರ ಗಟ್ಟಿಯಾಗಿ ನಕ್ಕುಬಿಟ್ಟಳು.

"ಏಮಮ್ಮಾ, ಒಬ್ಬಳೇ ನಗ್ತಿದ್ದೀಯ?" ತೋಟದಿಂದ ತಂದ ಸೊಪ್ಪಿನ ಹೊರೆ ಇಳಿಸುತ್ತಾ ತಂದೆ ವೆಂಕಟರಾಮಪ್ಪ ಕೇಳಿದರು.

ಅವಳು ಓದಿ ಹೇಳಿದಳು. "ಮೇಲೂರಿಂದ ಬರ್ತಾನೆ ನೋಡು ಆ ಮುದುಕ! ಮೇಲೆ ಮಲ್ಲಿಗೆ ಹೂವಿನಂಥ ಗೂಡು ಹರಡ್ತಾನೆ, ಕೆಳಗೆ ಕೈ ಹಾಕಿದ್ರೆ ಬರೀ ಕಲೆ ಬಿದ್ದದ್ದು. ಸೊಪ್ಪು ಹುಳಕ್ಕೆ ಹಾಕಿದ್ನೋ, ಮೇಕೆಗೆ ಹಾಕಿದ್ನೋ! ಎಳೆ ಎತ್ತೋಕಿಲ್ಲ, ಪಟ್ ಅಂತ ಕಿತ್ಕೊಳ್ತದೆ. ಅವನ ಕೈ ಸೇದೋಗ!"

ವೆಂಕಟರಾಮಪ್ಪನವರು ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿದರು.

"ಕಲೆ ಗೂಡಾ? ನಮ್ಮದಾ? ಯಾವಳವಳು?"

"ನೂರಮ್ಮ ಅಂತ, ಅಪ್ಪ."

"ಹುಳ ಹಣ್ಣಾಗೋ ಹೊತ್ತಿಗೆ ಮಳೆ ಹಿಡ್ಕೊಂಡ್ರೆ ನಾನೇನ್ ಮಾಡ್ಲಿ? ಒಂದೇ ಒಂದ್ ಸಲ ಆಗಿದ್ದು ಅದು. ಅದನ್ನ ಇಟ್ಕೊಂಡು ಊರೆಲ್ಲಾ ಸಾರ್ತಾಳಾ? ಯಾವ ಬೀದೀಲಿರೋದು ಅವಳು? ನಾಳೆ ಮಾರ್ಕೆಟ್ಟಿಗೆ ಹೋಗ್ತೀನಲ್ಲ, ಮನೆಗೇ ಹೋಗಿ ಕೇಳ್ತೀನಿ."

ಅಂಥವಳು ಯಾರೂ ಇಲ್ಲ ಎನ್ನಲು ಬಾಯಿ ತೆರೆದ ಪವಿತ್ರ ಹಾಗೇ ಮುಚ್ಚಿಕೊಂಡಳು. ಪತ್ರಿಕೆಗೆ ಕಳಿಸುವ ಮೊದಲು ಕಥೆಯಲ್ಲಿ ನೂರಮ್ಮ ಇರುವುದಕ್ಕೊಂದು ಬೀದಿಯನ್ನೂ ಬರೆದಳು. ಅತ್ತ ವೆಂಕಟರಾಮಪ್ಪನವರು ಹೊರೆ ಬಿಚ್ಚಿ ಸೊಪ್ಪು ಹರಡುತ್ತಾ, ಅವಳಿಗೆ ಹೇಳಬೇಕಾದ ಉತ್ತರವನ್ನು ಗೊಣಗಿಕೊಳ್ಳುತ್ತಲೇ ಇದ್ದರು.